ಅರಿಶಿನ ಹಚ್ಚಿದ ಅರ್ಜಿ

ತಾಂಡೂರು
೮ ಡಿಸೆಂಬರ್ ೨೦೨೫

ಪ್ರೀತಿಯ ಪ್ರೇಮಲಾ,

ಸುಖವಾಗಿ ಬಂದು ಸೇರಿದೆ. ಸುಖ ಎನ್ನುವುದು ಬರೀ ರೂಢಿಯ ಮಾತು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಜಹೀರಾಬಾದಿನಿಂದ ತಾಂಡೂರಿನ ತನಕ ನನ್ನ ಹೆಗಲನ್ನೇ ದಿಂಬು ಮಾಡಿಕೊಂಡಿದ್ದಳು. ಇಳಿಯುವಾಗ ಕಣ್ಣುಜ್ಜಿಕೊಂಡು, "ಏನ್ ಎಲುಬ ಅದಾವವಾ ನಿನ್ನ ಮೈಯಾಗ, ಹೊಟ್ಟಿ ತುಂಬ ಉಣ್ಣು" ಎಂದು ನನ್ನನ್ನೇ ಬೈದು ಹೋದಳು.

ಕೈಯಲ್ಲಿ ಫೋನಿರುವಾಗ ಪತ್ರ ಬರೆಯುವುದೆಂದರೆ ನನಗೆ ಇನ್ನೂ ಸಿಟ್ಟು. ಆದರೆ ಜಾನಕಿಬಾಯಿ ಮೇಡಂ ಎದುರು ಯಾರ ಆಟ ನಡೆದಿದೆ? "ಮೂರು ವರ್ಷ ರಾಜ್ಯಶಾಸ್ತ್ರ ಓದೀರಿ. ಶಾಸಕಾಂಗದ ಅಧಿಕಾರ ಅಂದ್ರ ಏನು ಅಂತ ಕೇಳಿದ್ರ ಗೈಡಿನ ಹಾಳಿ ತಿರುವ್ತೀರಿ. ಈ ಸೆಮಿಸ್ಟರ್ ಕಚೇರಿಯಾಗ ಕುಂಡ್ರಿ, ನೋಡ್ರಿ, ಓದ್ರಿ. ನೋಡಿದ್ದು ಒಬ್ಬರಿಗೊಬ್ಬರು ಕನ್ನಡದಾಗ ಬರೀರಿ. ಫೋನಿನಾಗ ಈ ಮಾತು ಬ್ಯಾಡ, ಗಾಳಿಗೆ ಹೋಗ್ತದ." ಇಬ್ಬರಿಂದಲೂ ಆಣೆ ಮಾಡಿಸಿಕೊಂಡರಲ್ಲ! ನಾನು ಮುರಿಯುವುದಿಲ್ಲ. ನೀನಂತೂ ಗೆರೆ ಎಳೆದರೆ ದಾಟುವವಳೇ ಅಲ್ಲ.

ನನ್ನನ್ನು ಹಾಕಿರುವುದು ಹೈದರಾಬಾದಿನ ವಿಧಾನ ಪರಿಷತ್ತಿನ ಸದಸ್ಯ ನರಸಿಂಹುಲು ಅವರ ಕಚೇರಿಯಲ್ಲಿ. ನೆಲಕ್ಕೆ ಈ ಊರಿನದೇ ಕಲ್ಲು, ಬರಿಗಾಲಲ್ಲಿ ನಡೆದರೆ ತಣ್ಣಗೆ ಹಿತವಾಗಿರುತ್ತದೆ. ಹೊರಗೆ ದಿನವಿಡೀ ಅದೇ ಕಲ್ಲು ಹೊತ್ತ ಲಾರಿಗಳು. ಒಳಗೆ ಎರಡು ಕಪಾಟಿನ ತುಂಬ ಶಾಲುಗಳು! ಬಂದವರೆಲ್ಲ ಒಂದು ಶಾಲು ಹೊದಿಸಿ, ಒಂದು ಅರ್ಜಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸಾಹೇಬರ ಪಿ.ಎ. ಸಾಯಪ್ಪ ಕಾಕಾ ಶಾಲು ಮಡಚುವುದನ್ನು ನನಗೆ ಮೊದಲ ದಿನವೇ ಕಲಿಸಿದರು. ಶಾಸಕಾಂಗದ ಅಧಿಕಾರ ಸದ್ಯಕ್ಕೆ ನನಗೆ ಇಷ್ಟೇ ಕಂಡಿದೆ.

ಮೇಡಂ ಕೊಟ್ಟ ಪರಿಷತ್ತಿನ ನಿಯಮಾವಳಿಯ ಪ್ರತಿ ನಿನ್ನ ಹತ್ತಿರವೂ ಇದೆಯಲ್ಲ? ನಾನು ಮೂರು ಪುಟ ಓದುವಷ್ಟರಲ್ಲಿ ನಿದ್ದೆ ಹೋದೆ. ನೀನು ಓದಿ ಸಾರ ಬರೆದು ಕಳಿಸು. ಪರೀಕ್ಷೆಗೆ ಮುಂಚೆ ನಾವು ಮಾಡುತ್ತಿದ್ದುದೂ ಅದೇ ತಾನೆ?

ನಿನ್ನ
ಸಂಪದಾ


ನಾರಾಯಣಖೇಡ
೨೧ ಡಿಸೆಂಬರ್ ೨೦೨೫

ಪ್ರೀತಿಯ ಸಂಪಿ,

ಸಾರ ಬರೆದು ಕಳಿಸುವುದಿಲ್ಲ. ಈ ಸಲ ನೀನೇ ಓದು.

ನನಗೆ ಸಿಕ್ಕಿರುವುದು ಮಂಡಲ ಶಿಕ್ಷಣ ಕಚೇರಿ. ಇಲ್ಲಿ ಸಣ್ಣವ್ವನ ಮನೆಯಲ್ಲಿ ಉಳಿದುಕೊಂಡು ಷೇರ್ ಆಟೋದಲ್ಲಿ ಹೋಗಿಬರುತ್ತೇನೆ. ಡ್ರೈವರ್ ಪಕ್ಕದ ಅರ್ಧ ಸೀಟು ನನ್ನದೇ ಎಂದು ಈಗ ಎಲ್ಲರೂ ಒಪ್ಪಿಕೊಂಡಿದ್ದಾರೆ. ಕಚೇರಿಯಲ್ಲಿ ಬಂದ ಕಾಗದಕ್ಕೆ ಇನ್‌ವರ್ಡ್ ನಂಬರು, ಹೋಗುವ ಕಾಗದಕ್ಕೆ ಔಟ್‌ವರ್ಡ್ ನಂಬರು ಹಾಕುವುದು ನನ್ನ ಕೆಲಸ. ಸಂಜೆ ನಿಯಮಾವಳಿ ಓದುತ್ತೇನೆ. ಮೊದಲು ಬೇಸರವಾಯಿತು, ಈಗ ರುಚಿ ಹತ್ತಿದೆ. ಯಾರು ಯಾವಾಗ ಎದ್ದು ನಿಲ್ಲಬೇಕು, ಯಾರು ಕೂರಬೇಕು ಎಂಬುದಕ್ಕೂ ನಿಯಮವಿದೆ. ನಮ್ಮ ಮನೆಯ ಪಂಕ್ತಿ ಊಟದ ಶಿಸ್ತು ನೆನಪಾಯಿತು.

ಮೊನ್ನೆ ಎಳ್ಳಮಾಸಿ ಹಬ್ಬಕ್ಕೆ ರಜೆ ಹಾಕಿ ನಮ್ಮೂರು ಕರಿಗಾಂವಕ್ಕೆ ಹೋಗಿದ್ದೆ. ನೀನಿಲ್ಲದೆ ಮೊದಲ ಎಳ್ಳಮಾಸಿ. ಹೊಲದ ತುಂಬ ತೊಗರಿ, ನಡುವೆ ಜೋಳದ ದಂಟಿನ ಕೊಂಪೆ, ಅದರೊಳಗೆ ಪಾಂಡವರ ಪೂಜೆ. ಅಪ್ಪ ಹೊಲದ ಸುತ್ತ ಎಡೆಯ ಚರಗ ಚೆಲ್ಲಿ ಬರುವಷ್ಟರಲ್ಲಿ ಊರಿಗೆ ಊರೇ ಹೊಲಗಳಲ್ಲಿತ್ತು. ಶಾಲೆಯ ಮೇಷ್ಟ್ರೂ ನಮ್ಮ ಕೊಂಪೆಯಲ್ಲಿ ಉಂಡು ಮುಂದಿನ ಹೊಲಕ್ಕೆ ಹೋಗಿದ್ದರು. ಸರಕಾರಿ ರಜೆಯೇನೂ ಅಲ್ಲ, ಆದರೆ ಎಳ್ಳಮಾಸಿಯ ದಿನ ನಮ್ಮ ಶಾಲೆಯ ಬಾಗಿಲು ಕಾಯಲು ನಾಯಿಯೂ ಇರುವುದಿಲ್ಲ ಎಂದು ನಿನಗೆ ಗೊತ್ತಲ್ಲ.

ಅಷ್ಟರಲ್ಲಿ ಒಂದು ಜೀಪು ಬಂತು. ಮೇಲಿನಿಂದ ಬಂದ ಶಿಕ್ಷಣ ಇಲಾಖೆಯ ಸಾಹೇಬರು, ಈ ಕಡೆಗೆ ಹೊಸಬರು, ತೆಲುಗಿನವರು. ಶಾಲೆಗೆ ಬೀಗ ನೋಡಿ ಜನ ಎಲ್ಲಿ ಎಂದು ಹುಡುಕಿಕೊಂಡು ಬಂದಿದ್ದರೆಂದು ಆಮೇಲೆ ತಿಳಿಯಿತು. ಅಪ್ಪ ಬಿಟ್ಟಾರೆಯೇ? "ಬರ್ರಿ ಸಾಹೇಬ್ರ, ಹೊಲಕ್ಕ ಬಂದವ್ರು ಉಣದ ಹೋಗಬಾರ್ದ್ರಿ" ಎಂದು ಕೈಹಿಡಿದು ಕೂರಿಸಿದರು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ. ಬಡಿಸಿದವಳು ನನ್ನ ತಂಗಿ ಮಂಗಲಾ. ತಟ್ಟೆ ಖಾಲಿಯಾಗಲು ಆಕೆ ಬಿಡಲೇ ಇಲ್ಲ. ಸಾಹೇಬರು ನಡುವೆ ಒಮ್ಮೆ ಮಕ್ಕಳೆಲ್ಲಿ ಎಂದು ಕೇಳಿದರು. ಅಪ್ಪ ಹೊಲದ ತುಂಬ ಓಡಾಡುವವರನ್ನು ತೋರಿಸಿ, "ಇಲ್ಲೇ ಅದಾರಲ್ರಿ ಎಲ್ಲಾ" ಎಂದರು. ಸಾಹೇಬರು ತಲೆಯಾಡಿಸಿ ಏನೋ ಬರೆದುಕೊಂಡು, ಒಂದು ಬುತ್ತಿ ಕಟ್ಟಿಸಿಕೊಂಡು ಖುಷಿಯಿಂದ ಹೋದರು. ಅಪ್ಪನಿಗೆ ಎರಡು ದಿನ ಅದೇ ಮಾತು.

ಮಂಗಲಾ ಒಂಬತ್ತನೆಯ ಇಯತ್ತೆಯಲ್ಲಿ ಊರಿಗೇ ಮೊದಲು. ಹತ್ತನೆಯದಕ್ಕೆ ಈಗಲೇ ಓದಲು ಕೂತಿದ್ದಾಳೆ. ನಿನ್ನನ್ನು ಬಹಳ ಕೇಳಿದಳು.

ನಿನ್ನ
ಪ್ರೇಮಲಾ


ತಾಂಡೂರು
೭ ಜನವರಿ ೨೦೨೬

ಪ್ರೀತಿಯ ಪ್ರೇಮಲಾ,

ನಿನ್ನ ಎಳ್ಳಮಾಸಿ ಓದಿ ಬಾಯಲ್ಲಿ ನೀರು ಬಂದು, ಸಂಜೆ ಇಲ್ಲಿನ ಖಾನಾವಳಿಯ ಸಪ್ಪೆ ಸಾರು ಗಂಟಲಲ್ಲಿ ಇಳಿಯಲಿಲ್ಲ. ಪಾಪ ನಿನಗೇ ತಗಲಲಿ.

ನಾನೀಗ ಇಲ್ಲಿ ದೊಡ್ಡ ಮನುಷ್ಯಳಾಗಿದ್ದೇನೆ. ಬಂದ ಅರ್ಜಿಗಳೆಲ್ಲ ನನ್ನ ಮೇಜಿಗೆ. ಯಾವ ಇಲಾಖೆಯದೆಂದು ನೋಡಿ, "ಸೂಕ್ತ ಕ್ರಮಕ್ಕಾಗಿ" ಎಂಬ ಮುದ್ರೆ ಒತ್ತಿ, ಕೆಳಗೆ ನನ್ನ ಪುಟ್ಟ ಸಹಿ ಹಾಕಿ, ಆ ಇಲಾಖೆಗೆ ಕಳಿಸುವುದು. ಮೊದಮೊದಲು ಪೂರ್ತಿ ಓದುತ್ತಿದ್ದೆ. ಸಾಯಪ್ಪ ಕಾಕಾ ನಕ್ಕರು: "ಎಲ್ಲಾ ಓದ್ಕೋತ ಕುಂತ್ರ ಮುಗೀತ ಬೇಟಿ. ಮ್ಯಾಲಿನ ಎರಡ್ ಸಾಲ ನೋಡು, ಛಾಪ ಹೊಡಿ." ಈಗ ರಾಶಿ ಊಟದ ಹೊತ್ತಿಗೆ ಖಾಲಿ! ನರಸಿಂಹುಲು ಸಾಹೇಬರೇ ಭೇಷ್ ಎಂದರು.

ಒಂದು ತಮಾಷೆ ಹೇಳುತ್ತೇನೆ. ನಿನ್ನೆ ಬಂದ ಒಂದು ಅರ್ಜಿಗೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರು, ಥೇಟ್ ಲಗ್ನಪತ್ರಿಕೆಯ ಹಾಗೆ! ಯಾವುದೋ ಶಾಲೆಯ ವಿಷಯ. "ವರ ಯಾರಂತ, ಕನ್ಯಾ ಯಾರಂತ?" ಎಂದು ಸಾಯಪ್ಪ ಕಾಕಾ ಕೇಳಿದ್ದಕ್ಕೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುದ್ರೆಯ ಮಸಿ ಅರಿಶಿನದ ಮೇಲೆ ಹರಡಿ ನನ್ನ ಬೆರಳೂ ಹಳದಿಯಾಯಿತು.

ನಿಯಮಾವಳಿ ದಿಂಬಿನ ಕೆಳಗಿದೆ. ನಿದ್ದೆಯಲ್ಲಾದರೂ ತಲೆಗೆ ಹತ್ತಬಹುದು.

ನಿನ್ನ
ಸಂಪದಾ


ತಾಂಡೂರು
೨೭ ಜನವರಿ ೨೦೨೬

ಪ್ರೇಮಲಾ,

ಸಂಕ್ರಮಣ ಬಂತು, ಹೋಯಿತು. ಎಳ್ಳುಬೆಲ್ಲ ಕಳಿಸಿದೆ, ಮುಟ್ಟಿತೆಂದು ಸುದ್ದಿಯೂ ಇಲ್ಲ. ಆಣೆ ಮುರಿದು ಫೋನನ್ನೂ ಮಾಡಿದೆ, ಎತ್ತಲಿಲ್ಲ. ಏನಾಗಿದೆ ನಿನಗೆ?

ನನಗೊಂದು ಅನುಮಾನ, ಹೇಳಿಬಿಡುತ್ತೇನೆ. ನನಗೆ ಸದಸ್ಯರ ಕಚೇರಿ ಸಿಕ್ಕಿತು, ನಿನಗೆ ಮಂಡಲದ ಮೂಲೆ ಸಿಕ್ಕಿತು. ಓದಿನಲ್ಲಿ ನೀನೇ ಮುಂದು ಎಂಬುದು ಇಡೀ ಕಾಲೇಜಿಗೆ ಗೊತ್ತು. ಅದಕ್ಕೇ ನಿನಗೆ ಹೊಟ್ಟೆ ಉರಿದಿದ್ದರೆ ಎರಡು ಬೈಗುಳ ಬೈದು ಬರೆ, ಸಹಿಸಿಕೊಳ್ಳುತ್ತೇನೆ. ಮಾತು ಬಿಡಬೇಡ. ನೀನು ಮಾತು ಬಿಟ್ಟರೆ ನನಗೆ ಊಟ ಸೇರುವುದಿಲ್ಲ.

ಸಂಪದಾ


ನಾರಾಯಣಖೇಡ
೨ ಫೆಬ್ರವರಿ ೨೦೨೬

ಕುಮಾರಿ ಸಂಪದಾ ಅವರಿಗೆ,

ವಿಷಯ: ಕರಿಗಾಂವ ಹೈಸ್ಕೂಲಿನ ಕನ್ನಡ ವಿಭಾಗವನ್ನು ಮುಚ್ಚಬಾರದೆಂದು ಕೋರಿದ ಅರ್ಜಿ.
ಉಲ್ಲೇಖ: ತಮ್ಮ ಜನವರಿ ಏಳರ ಪತ್ರ ಮತ್ತು ಅದರಲ್ಲಿ ತಾವು ನಕ್ಕ ನಗು.

ಮಾನ್ಯರೇ,

ಮೇಲ್ಕಂಡ ಅರ್ಜಿಯು ತಾಂಡೂರಿನಿಂದ ಹೊರಟು, ಮೇಲಿನ ಕಚೇರಿಗೆ ಹೋಗಿ, ಅಲ್ಲಿಂದ ಕೆಳಗಿಳಿದು, ಕಡೆಗೆ ನಾನು ಕೂರುವ ಮೇಜಿಗೇ ಬಂದು ತಲುಪಿದೆ. ಹಾದುಬಂದ ಪ್ರತಿ ಕಚೇರಿಯೂ "ಸೂಕ್ತ ಕ್ರಮಕ್ಕಾಗಿ" ಎಂದು ಮುದ್ರೆ ಒತ್ತಿದೆ. ಮೊದಲ ಮುದ್ರೆಯ ಕೆಳಗೆ ತಮ್ಮ ಪುಟ್ಟ ಸಹಿ ಇದೆ. ಮುಂದೆ ಕಳಿಸಲು ನನ್ನ ಕೆಳಗೆ ಯಾವ ಕಚೇರಿಯೂ ಇಲ್ಲ. ಆದ್ದರಿಂದ ಸೂಕ್ತ ಕ್ರಮವನ್ನು ನಾನೇ ಕೈಗೊಳ್ಳಬೇಕಾಗಿದೆ. ನನಗಿರುವ ಅಧಿಕಾರ ಇನ್‌ವರ್ಡ್ ನಂಬರು ಹಾಕುವುದು. ಹಾಕಿದ್ದೇನೆ.

ಅರಿಶಿನ ಹಚ್ಚಿದವರು ನನ್ನ ಅವ್ವ. "ಛಲೋ ಕೆಲಸಕ್ಕ ಹೋಗೂ ಕಾಗದ, ಬರಿಗೈಲೆ ಕಳಿಸಬಾರದು" ಎಂದಳು. ಮೊದಲ ರುಜು ಮನ್ಮಥಪ್ಪ ಎಂಬುವರದು, ಅಂದರೆ ನನ್ನ ಅಪ್ಪನದು. ತಾವು ನಾಲ್ಕು ಸಲ ನಮ್ಮ ಮನೆಯಲ್ಲಿ ಉಂಡಿದ್ದೀರಿ, ಹೆಸರು ಗುರುತು ಸಿಗಬಹುದೆಂದು ಭಾವಿಸಿದ್ದೆ.

ಇಷ್ಟು ಬರೆದ ಮೇಲೆ ಈ ಧಾಟಿ ನನಗೇ ಸಾಕಾಯಿತು, ಸಂಪದಾ.

ಎಳ್ಳಮಾಸಿಗೆ ಬಂದಿದ್ದ ಆ ಸಾಹೇಬರು ಬರೆದ ವರದಿಯ ಪ್ರತಿ ಡಿಸೆಂಬರ್ ಕೊನೆಯಲ್ಲೇ ನಮ್ಮ ಕಚೇರಿಗೆ ಬಂದಿತ್ತು. "ಡಿಸೆಂಬರ್ ೧೯ರಂದು ಭೇಟಿ ನೀಡಿದಾಗ ಶಾಲೆಗೆ ಬೀಗ. ಮಕ್ಕಳು, ಶಿಕ್ಷಕರು ಯಾರೂ ಇಲ್ಲ. ಮಕ್ಕಳು ಹೊಲದ ಕೆಲಸದಲ್ಲಿದ್ದಾರೆಂದು ಪೋಷಕರೇ ತಿಳಿಸಿದರು. ಕನ್ನಡ ವಿಭಾಗ ಮುಂದುವರಿಸುವ ಅಗತ್ಯ ಕಾಣುವುದಿಲ್ಲ." ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಬುತ್ತಿ ಬೇರೆ ಕಟ್ಟಿಸಿಕೊಂಡು ಹೋದ ಪುಣ್ಯಾತ್ಮ!

ಜೂನ್‌ನಿಂದ ಮಕ್ಕಳನ್ನೆಲ್ಲ ದೂರದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಅದು ತೆಲುಗು ಮಾಧ್ಯಮದ್ದು. ಹತ್ತನೆಯ ವರ್ಷದಲ್ಲಿ ಮಂಗಲಾ ಗಣಿತ, ವಿಜ್ಞಾನ ಎಲ್ಲವನ್ನೂ ಬೇರೆ ಭಾಷೆಯಲ್ಲಿ ಮೊದಲಿನಿಂದ ಶುರು ಮಾಡಬೇಕು. "ಫೇಲಾಗಾಕ ಅಷ್ಟು ದೂರ ಯಾಕ ಹೋಗ್ಲಿ, ಮನ್ಯಾಗ ಕುಂತು ತೊಗರಿ ಹಸನ ಮಾಡ್ತೀನಿ" ಎನ್ನುತ್ತಾಳೆ. ಪುಸ್ತಕ ಕಟ್ಟಿ ಅಟ್ಟದ ಮೇಲಿಟ್ಟಿದ್ದಾಳೆ. ನಗುನಗುತ್ತಲೇ ಇಟ್ಟಳು, ಅದೇ ನನಗೆ ತಡೆಯಲಾಗಲಿಲ್ಲ.

ನಿನ್ನ ಕಚೇರಿಗೆ ಅರ್ಜಿ ಕಳಿಸಲು ಅಪ್ಪನಿಗೆ ಹೇಳಿದವಳು ನಾನೇ. ನಿನಗೆ ತಿಳಿಸಲಿಲ್ಲ. ಗೆಳತಿ ಇದ್ದಾಳೆಂದು ಕೆಲಸ ಆಗಬಾರದು, ಅರ್ಜಿಯಲ್ಲಿ ಹುರುಳಿದ್ದರೆ ಆಗಲಿ ಎಂದುಕೊಂಡಿದ್ದೆ. ಹೊಟ್ಟೆ ಉರಿದದ್ದು ನಿಜ, ಆದರೆ ನೀನು ತಿಳಿದುಕೊಂಡ ಕಾರಣಕ್ಕಲ್ಲ.

ಪ್ರೇಮಲಾ


ತಾಂಡೂರು
೬ ಫೆಬ್ರವರಿ ೨೦೨೬

ಪ್ರೇಮಲಾ,

ನಿನ್ನ ಪತ್ರ ಓದಿ ಕಚೇರಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಅತ್ತೆ. ನಿನ್ನ ಅವ್ವ ನನಗೆ ತುತ್ತು ಮಾಡಿ ಉಣಿಸಿದ ಕೈಯ ಅರಿಶಿನ ಅದು, ಅದನ್ನು ನೋಡಿ ನಾನು ನಕ್ಕೆ. ತಪ್ಪಾಯಿತು ಎಂದು ಬರೆಯುವುದು ಸುಲಭ. ಬರೆದು ಸುಮ್ಮನಾದರೆ ಅದೂ ಒಂದು ಮುದ್ರೆಯಷ್ಟೇ.

ಅದಕ್ಕೆ ಅರ್ಜಿಯ ಪ್ರತಿ ತೆಗೆಸಿ, ಬಾಗಿಲು ಹಾಕಿಕೊಂಡು, ನಾಲ್ಕೂ ಪುಟ ಓದಿದೆ. ಶಾಲೆ ಯಾವಾಗ ಶುರುವಾಯಿತು, ಯಾರು ಜಾಗ ಕೊಟ್ಟರು, ಅಲ್ಲಿ ಓದಿದವರು ಏನೇನಾದರು, ತಾಯ್ನುಡಿ ಎಂದರೆ ಎಷ್ಟು ದೊಡ್ಡದು, ಎಲ್ಲ ಇದೆ. ಆದರೆ ಪ್ರೇಮಲಾ, ಎಳ್ಳಮಾಸಿ ಎಂಬ ಮಾತು ಎಲ್ಲೂ ಇಲ್ಲ! ಅಂದು ಶಾಲೆಗೆ ಯಾಕೆ ಬೀಗ ಬಿದ್ದಿತ್ತೆಂದು ಯಾರೂ ಬರೆದೇ ಇಲ್ಲ. ನಿಮ್ಮೂರಿಗೆ ಅದು ಗಾಳಿ ನೀರಿನಷ್ಟು ಸಹಜ, ಹೇಳಬೇಕೆಂದು ಯಾರಿಗೂ ತೋಚಿಲ್ಲ. ನಾನು ಜಹೀರಾಬಾದಿನವಳು, ನಿಮ್ಮಲ್ಲಿ ಹಬ್ಬ ಉಂಡಿದ್ದರೂ ಡಿಸೆಂಬರ್ ೧೯ ಅದೇ ದಿನವೆಂದು ನನಗೂ ನಿನ್ನ ಪತ್ರ ಓದುವ ತನಕ ಹೊಳೆಯುತ್ತಿರಲಿಲ್ಲ.

ಆ ಸಾಹೇಬರಿಗೂ ಯಾರೂ ಹೇಳಿಲ್ಲ, ಅಲ್ಲವೇ? ನಿನ್ನ ಡಿಸೆಂಬರಿನ ಪತ್ರ ಮತ್ತೆ ಓದಿದೆ. ಅವರು ಮಕ್ಕಳೆಲ್ಲಿ ಎಂದರು, ನಿನ್ನ ಅಪ್ಪ ಹೊಲ ತೋರಿಸಿದರು. ಅವರ ಕಡೆ ಆ ಹಬ್ಬವೇ ಇಲ್ಲ. ನೀವು ಊಟ ಹಾಕಿದಿರಿ, ಯಾತರ ಊಟ ಎಂದು ಹೇಳಲಿಲ್ಲ. ಅವರು ಎರಡು ಬಗೆದಿಲ್ಲ ಕಣೇ, ಕಂಡದ್ದು ಬರೆದಿದ್ದಾರೆ.

ಇದನ್ನೆಲ್ಲ ಹಿಡಿದುಕೊಂಡು ನರಸಿಂಹುಲು ಸಾಹೇಬರ ಎದುರು ನಿಂತೆ. ಇನ್ನೊಂದು ಪತ್ರ ಬರೆಯೋಣವೇ ಎಂದರು. ಪತ್ರ ಬೇಡ ಸರ್, ಅದು ಸುತ್ತಿ ನನ್ನ ಗೆಳತಿಯ ಮೇಜಿಗೇ ಬರುತ್ತದೆ, ಸದನದಲ್ಲಿ ಪ್ರಶ್ನೆ ಕೇಳಿ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಬರ್ಕೊಂಡು ಬಾ ಅಮ್ಮಾ" ಎಂದರು.

ಬರೆದೆ. "ಗಡಿನಾಡಿನ ಬಡ ಹೆಣ್ಣುಮಕ್ಕಳ ಬಾಯಿಂದ ತಾಯ್ನುಡಿಯನ್ನು ಕಿತ್ತುಕೊಳ್ಳುವ ಈ ಅನ್ಯಾಯವನ್ನು ಸರಕಾರ ಎಷ್ಟು ದಿನ ಸಹಿಸುತ್ತದೆ?" ಎಂದು ಎರಡು ಪುಟ. ಓದಿ ನಕ್ಕರು. "ಇದು ಭಾಷಣ. ಪ್ರಶ್ನೆ ಎಲ್ಲೈತಿ? ಹಿಂಗ ಕಳಿಸಿದ್ರ ಸಭಾಪತಿಗಳ ಕಚೇರಿಯಿಂದ ಸಂಜಿಕ ವಾಪಸ್ ಬರ್ತದ" ಎಂದರು.

ನಿಯಮಾವಳಿ ದಿಂಬಿನ ಕೆಳಗಿಂದ ತೆಗೆದಿದ್ದೇನೆ. ಆದರೆ ಅದನ್ನು ಓದಿ ಅರಗಿಸಿಕೊಂಡವಳು ನೀನು. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಇಳಿಸು ಎನ್ನುವುದಿಲ್ಲ. ಈ ಪ್ರಶ್ನೆ ಮಾತ್ರ ಬರೆದುಕೊಡು. ಮಂಗಲಾಗೆ ಪುಸ್ತಕ ಕೆಳಗಿಳಿಸಲು ಹೇಳು.

ಸಂಪದಾ


ನಾರಾಯಣಖೇಡ
೧೩ ಫೆಬ್ರವರಿ ೨೦೨೬

ಪ್ರೀತಿಯ ಸಂಪಿ,

ನೀನು ನಲ್ಲಿಯ ಹತ್ತಿರ ಅತ್ತದ್ದನ್ನು ಓದಿ ನನಗೆ ಮೊದಲು ಖುಷಿಯಾಯಿತು, ಆಮೇಲೆ ನಾನೂ ಅತ್ತೆ. ಲೆಕ್ಕ ಸಮ ಆತು ಬಿಡು.

ಅಪ್ಪನಿಗೆ ಹೇಳಿದೆ, ಅರ್ಜಿಯಲ್ಲಿ ಎಳ್ಳಮಾಸಿ ಎಂದು ಬರೆದೇ ಇಲ್ಲ ಎಂದು. ಅವರು ಬೆರಗಾದರು. "ಅದನ್ನೇನ್ ಬರಿಯೂದು? ಡಿಸೆಂಬರ್ ಅಮಾಸಿ ದಿನ ಮಂದಿ ಹೊಲದಾಗ ಇರದ ಎಲ್ಲಿರ್ತಾರ?" ಎಂದರು. ಆಮೇಲೆ "ಅಂದ್ರ ಆ ಸಾಹೇಬ ತಿಳೀದ ಉಂಡ ಹೋಗ್ಯಾನ" ಎಂದರು. ಅವರ ಮುಖ ನೋಡಲಾಗಲಿಲ್ಲ. ಅತಿಥಿಗೆ ಊಟದ ಹೆಸರು ಹೇಳಲಿಲ್ಲ ಎಂಬುದೇ ಅವರಿಗೆ ಹೆಚ್ಚು ನೋವು.

ಈಗ ಪ್ರಶ್ನೆ. ನಿಯಮ ಬಹಳ ನೇರವಾಗಿದೆ. ಪ್ರಶ್ನೆಯಲ್ಲಿ ವಾದ ಇರಕೂಡದು, ಊಹೆ ಇರಕೂಡದು, ವ್ಯಂಗ್ಯ ಇರಕೂಡದು, ಹೊಗಳಿಕೆ ತೆಗಳಿಕೆ ಇರಕೂಡದು. ಅಂದರೆ ನಿನ್ನ ಪ್ರಶ್ನೆಯಲ್ಲಿ ಇದ್ದದ್ದೆಲ್ಲ ಇರಕೂಡದು. ಮೊದಲು ಓದಿದಾಗ ಇದೇನು ಬಾಯಿ ಕಟ್ಟುವ ಪುಸ್ತಕ ಎನ್ನಿಸಿತ್ತು. ಈಗ ನೋಡಿದರೆ ಬೇರೆ ತೋರುತ್ತದೆ. ನಾವು ಕೂಗಿದರೆ ಅವರು ಕೂಗಿಗೆ ಉತ್ತರ ಕೊಡುತ್ತಾರೆ, ಸಂಗತಿ ಅಲ್ಲೇ ಉಳಿಯುತ್ತದೆ. ಬರೀ ಸಂಗತಿ ಕೇಳಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇನ್ನೊಂದು ಮಾತು. ಅರ್ಜಿಗೆ ಉತ್ತರ ಕೊಡುವುದು ಅವರವರ ಇಷ್ಟ. ಸದನ ಒಪ್ಪಿಕೊಂಡ ಪ್ರಶ್ನೆಗೆ ಗೊತ್ತಾದ ದಿನ ಮಂತ್ರಿಗಳು ಉತ್ತರಿಸಲೇಬೇಕು. ಸದಸ್ಯರು ರಾಜ್ಯದ ಯಾವ ಊರಿನ ಬಗ್ಗೆಯೂ ಕೇಳಬಹುದು, ತಾಂಡೂರಿನವರು ಕರಿಗಾಂವದ ಬಗ್ಗೆ ಕೇಳಬಾರದೆಂದು ಇಲ್ಲ. ಮೇಡಂ ಕೇಳಿದ ಅಧಿಕಾರ ಇದೇ ಇರಬೇಕು. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ತಲೆಗೆ ಹತ್ತಿದ್ದು ಮೊನ್ನೆ.

ನಾನು ಬರೆದದ್ದು ಇಷ್ಟು:

(ಅ) ಕರಿಗಾಂವ ಹೈಸ್ಕೂಲಿನ ಕನ್ನಡ ವಿಭಾಗವನ್ನು ಬೇರೆ ಶಾಲೆಗೆ ಸೇರಿಸುವ ಪ್ರಸ್ತಾವ ಇದೆಯೇ?
(ಆ) ಇದ್ದರೆ, ಅದಕ್ಕೆ ಆಧಾರವಾದ ಪರಿಶೀಲನೆ ಯಾವ ದಿನ ನಡೆಯಿತು?
(ಇ) ಆ ದಿನ ಸ್ಥಳೀಯ ಹಬ್ಬವಿತ್ತೇ?
(ಈ) ಬೇರೆ ದಿನಗಳಲ್ಲಿ ಅಲ್ಲಿ ಹಾಜರಿರುವ ಮಕ್ಕಳೆಷ್ಟು?

ತಾಯ್ನುಡಿ ಇಲ್ಲ, ಕಣ್ಣೀರಿಲ್ಲ. ಮಂಗಲಾಗೆ ಓದಿ ತೋರಿಸಿದೆ. "ಇಷ್ಟಽ?" ಎಂದಳು. ಪುಸ್ತಕ ಇನ್ನೂ ಅಟ್ಟದ ಮೇಲೇ ಇದೆ.

ನಿನ್ನ
ಪ್ರೇಮಲಾ


ತಾಂಡೂರು
೨೮ ಫೆಬ್ರವರಿ ೨೦೨೬

ಪ್ರೇಮಾ,

ಕಾರ್ಡಿನಲ್ಲಿ ಜಾಗ ಕಡಿಮೆ. ಸಾಹೇಬರು ಒಂದು ಅಕ್ಷರ ತಿದ್ದದೆ ತೆಲುಗಿಗೆ ಮಾಡಿಸಿ ರುಜು ಹಾಕಿದರು. ಪ್ರಶ್ನೆ ಒಪ್ಪಿಗೆಯಾಗಿ ಚುಕ್ಕೆ ಗುರುತೂ ಬಿದ್ದಿದೆ! ಅಂದರೆ ಮಂತ್ರಿಗಳು ಎದ್ದು ನಿಂತು ಬಾಯಿಂದ ಉತ್ತರ ಹೇಳಬೇಕು. ಮಾರ್ಚ್ ೧೭. ನನಗೆ ಗ್ಯಾಲರಿಯ ಪಾಸು ಸಿಗುತ್ತದೆ. ಸಾಯಪ್ಪ ಕಾಕಾ ಈಗ ಅರ್ಜಿಗಳನ್ನು ಎರಡನೇ ಪುಟದ ತನಕ ಓದುತ್ತಾರೆ.

ಸಂ


ನಾರಾಯಣಖೇಡ
೧೬ ಮಾರ್ಚ್ ೨೦೨೬

ಪ್ರೀತಿಯ ಸಂಪಿ,

ಇದು ನಿನಗೆ ಮುಟ್ಟುವಷ್ಟರಲ್ಲಿ ನೀನು ಹೈದರಾಬಾದಿನಿಂದ ವಾಪಸು ಬಂದಿರುತ್ತೀ. ಆದರೂ ಬರೆಯದೆ ಇರಲಾರೆ.

ಹೋದ ವಾರ ನಮ್ಮ ಪ್ರಶ್ನೆ ನನ್ನ ಮೇಜಿಗೆ ಬಂತು! ಅದೇ ದಾರಿ, ಅವೇ ಕಚೇರಿಗಳು, ಅರ್ಜಿ ನಡೆದುಬಂದ ಹಾಗೆಯೇ. ಆದರೆ ಈ ಸಲ "ಸೂಕ್ತ ಕ್ರಮಕ್ಕಾಗಿ" ಇಲ್ಲ. ಕೆಂಪು ಮಸಿಯಲ್ಲಿ "ಪರಿಷತ್ ಪ್ರಶ್ನೆ. ನಾಳೆ ಸಂಜೆಯೊಳಗೆ ಮಾಹಿತಿ" ಎಂದಿತ್ತು. ನಮ್ಮ ಕಚೇರಿಯಲ್ಲಿ ಯಾವತ್ತೂ ಏಳದವರೆಲ್ಲ ಎದ್ದು ನಿಂತರು. ಯಾರೋ ಹಾಜರಿ ಪುಸ್ತಕ ತರಲು ಮೋಟಾರ್ ಸೈಕಲ್ ಹತ್ತಿದರು. ಇದನ್ನು ಬರೆದವಳು ನಾನೇ ಎಂದು ಯಾರಿಗೂ ಗೊತ್ತಿಲ್ಲ, ನಾನು ಬಾಯಿ ಮುಚ್ಚಿಕೊಂಡು ಇನ್‌ವರ್ಡ್ ನಂಬರು ಹಾಕಿದೆ.

ಮಾರನೆಯ ದಿನ ಆ ಸಾಹೇಬರೇ ಜೀಪಿನಲ್ಲಿ ಬಂದರು. ದಾರಿ ತೋರಿಸಲು ನನ್ನನ್ನು ಕರೆದೊಯ್ದರು. ಕನ್ನಡ ವಿಭಾಗದಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಒಬ್ಬೊಬ್ಬರನ್ನೇ ನಿಲ್ಲಿಸಿ ತಾವೇ ಎಣಿಸಿದರು. ಅಪ್ಪ ಚಹಾ ತಂದರೆ, "ಮೊದಲು ಕೆಲಸ, ಈ ಸಲ ಏನೂ ಬೇಡ" ಎಂದು ಕೈಮುಗಿದರು.

ಆಗ ಮಂಗಲಾ ಎದ್ದು ನಿಂತು, "ಸರ್, ಅವತ್ತು ನಾನ ನಿಮಗ ಭಜ್ಜಿ ಬಡಿಸಿದ್ದೆ. ಶಾಲಿ ನೋಡಾಕ ಬಂದೀನಿ ಅಂತ ನೀವು ಹೇಳಲೇ ಇಲ್ಲಲ್ರಿ?" ಎಂದಳು. ಸಾಹೇಬರು ಸಿಟ್ಟಾಗಲಿಲ್ಲ. ಇವತ್ತು ಹಬ್ಬ ಎಂದು ನೀವೂ ಹೇಳಲಿಲ್ಲವಲ್ಲಮ್ಮ, ಯಾರದೋ ಮನೆಯ ಲಗ್ನದ ಊಟ ಅಂದುಕೊಂಡೆ ಎಂದು ತೆಲುಗಿನಲ್ಲಿ ಹೇಳಿದರು. ಅಪ್ಪ ತಲೆ ತಗ್ಗಿಸಿದರು, ಸಾಹೇಬರೂ ತಗ್ಗಿಸಿದರು. ನೀನು ಹೇಳಿದ್ದೇ ನಿಜ ಸಂಪಿ, ಅವರು ಕೆಟ್ಟವರಲ್ಲ.

ಆದರೆ ಏನು ಬರೆದುಕೊಂಡರೋ ತಿಳಿಯದು. ಹೋದ ಸಲವೂ ತಲೆಯಾಡಿಸಿ, ಬರೆದುಕೊಂಡು, ನಕ್ಕೇ ಹೋಗಿದ್ದರು. ನಾಳೆ ನೀನು ಕಿವಿಯಾರೆ ಕೇಳಿ ಬರೆ.

ನಿನ್ನ
ಪ್ರೇಮಲಾ


ಹೈದರಾಬಾದ್
೧೭ ಮಾರ್ಚ್ ೨೦೨೬

ಪ್ರೇಮಾ,

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಪ್ರಶ್ನೆ ಬರಲೇ ಇಲ್ಲ.

ಪಟ್ಟಿಯಲ್ಲಿ ಕೊನೆಯ ಕಡೆ ಇತ್ತು. ಮೊದಲಿನವುಗಳಿಗೇ ಗದ್ದಲವಾಗಿ, ಉಪಪ್ರಶ್ನೆ, ಅದಕ್ಕೊಂದು ಉಪಪ್ರಶ್ನೆ ಎಂದು ಹೊತ್ತು ಹೋಯಿತು. ಸಭಾಪತಿಗಳು ಪ್ರಶ್ನೋತ್ತರ ಅವಧಿ ಮುಗಿಯಿತು ಎಂದುಬಿಟ್ಟರು. ನಾನು ಗ್ಯಾಲರಿಯಲ್ಲಿ ಎದ್ದು ನಿಂತೆ. ಕೂರಲು ಸನ್ನೆ ಮಾಡಿದರು, ಕೂತೆ. ಅಷ್ಟು ದೊಡ್ಡ ಸದನದಲ್ಲಿ ಕರಿಗಾಂವ ಎಂಬ ಹೆಸರನ್ನು ಒಂದು ಸಲವಾದರೂ ಕೇಳಬೇಕೆಂದು ಬಂದಿದ್ದೆ.

ನರಸಿಂಹುಲು ಸಾಹೇಬರು, ಲಿಖಿತ ಉತ್ತರ ಹೇಗೂ ಬರುತ್ತದೆ, ಬೇಜಾರಾಗಬೇಡ ಎಂದರು. ಮುದ್ರೆಯ ಕೆಲಸ ಮಾಡಿದವಳು ನಾನು, ಕಾಗದದ ಉತ್ತರ ಎಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತು. ಮಂಗಲಾಗೆ ಏನು ಹೇಳಲಿ? ನೀನೇ ಏನಾದರೂ ಹೇಳು. ನನ್ನ ಕೈಲಾಗುವುದಿಲ್ಲ.

ಸಂಪದಾ


ತಾಂಡೂರು
೩೦ ಮಾರ್ಚ್ ೨೦೨೬

ಪ್ರೇಮಾ, ಪ್ರೇಮಾ, ಪ್ರೇಮಾ,

ಹದಿನಾರರ ನಿನ್ನ ಪತ್ರ ನಾನು ಬಂದ ಮರುದಿನ ಸಿಕ್ಕಿತು. ಓದಿದ ಮೇಲೂ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯಲಿಲ್ಲ. ಇವತ್ತು ಉತ್ತರ ಬಂತು. ಅಚ್ಚಾದ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ತೆಲುಗಿನಲ್ಲಿದೆ, ನಾನು ಕನ್ನಡಕ್ಕೆ ಇಳಿಸಿದ್ದು ಹೀಗೆ:

(ಅ) ಪ್ರಸ್ತಾವ ಇತ್ತು.
(ಆ) ೧೯-೧೨-೨೦೨೫.
(ಇ) ಹೌದು. ಎಳ್ಳು ಅಮಾವಾಸ್ಯೆ.
(ಈ) ಮೂವತ್ತೆಂಟು. ಮರುಪರಿಶೀಲನೆಯ ನಂತರ ಪ್ರಸ್ತಾವವನ್ನು ಒಂದು ವರ್ಷ ತಡೆಹಿಡಿಯಲಾಗಿದೆ.

ಸಾಯಪ್ಪ ಕಾಕಾಗೆ ಓದಿ ಹೇಳಿದೆ. "ಎಳ್ಳಮಾಸಿ ಸರಕಾರದ ಕಾಗದದಾಗ ಬಂತಲ್ಲ ಬೇಟಿ!" ಎಂದು ಆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಒಂದೇ ವರ್ಷ ಎಂದು ನನಗೆ ಕೊರಗಿದೆ. ಆದರೂ ಮಂಗಲಾ ಹತ್ತನೆಯದು ಕನ್ನಡದಲ್ಲೇ ಮುಗಿಸುತ್ತಾಳೆ. ಓಡಿಹೋಗಿ ಹೇಳು.

ನಿನ್ನ
ಸಂಪಿ


ಕರಿಗಾಂವ
೮ ಏಪ್ರಿಲ್ ೨೦೨೬

ಪ್ರೀತಿಯ ಸಂಪಿ,

ಓಡಿಹೋಗಿಯೇ ಹೇಳಿದೆ. ಆಟೋದಿಂದ ಇಳಿದು ಮನೆಯ ತನಕ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ, ಊರಿನ ನಾಯಿಗಳೆಲ್ಲ ಹಿಂದೆ ಬಿದ್ದವು.

ಅವ್ವ ಮೊದಲು ಮಾಡಿದ ಕೆಲಸ ಏನು ಹೇಳು? ಆ ಅಚ್ಚಾದ ಉತ್ತರದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು. ನಿನಗೆ ನಗು ಬಂದರೆ ನಗು, ಈ ಸಲ ನಾವೂ ನಕ್ಕೆವು. ಅಪ್ಪ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಊರವರನ್ನೆಲ್ಲ ಕರೆದರು. ಬಂದವರು ಕೈಮುಗಿದು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಮಂಗಲಾ ಆ ಹಾಳೆಯನ್ನು ಜಗಲಿಯಿಂದ ಕೆಳಗೆ ತೆಗೆದಳು. "ಏ ಹುಡುಗಿ, ದೇವರ ಮುಂದಿಂದು ತಗೀಬ್ಯಾಡ" ಎಂದು ಅಪ್ಪ ಗದರಿದರು. ಅವಳು ಹೇಳಿದಳು: "ಅಪ್ಪಾ, ಇದು ಪೂಜಾ ಮಾಡೂದಲ್ಲ. ಒಂದ ವರ್ಷದ್ದ ಅದ. ನಾ ಪಾಸಾಗಿ ಹೋಗ್ತೀನಿ, ನನ್ನ ಹಿಂದಿನ ಹುಡುಗೂರು ಎಲ್ಲಿಗಿ ಹೋಗಬೇಕು?" ನಾನು ಪುಸ್ತಕ ಓದಿ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಅವಳು ಕಲ್ಲುಸಕ್ಕರೆ ಕರಗುವಷ್ಟರಲ್ಲಿ ಕಲಿತಿದ್ದಳು.

ಆಮೇಲೆ ಅವಳೇ ಅಟ್ಟ ಹತ್ತಿ ಪುಸ್ತಕದ ಗಂಟು ಇಳಿಸಿದಳು. ನಿಯಮಾವಳಿಯೂ ಬೇಕು ಎಂದು ನನ್ನ ಚೀಲದಿಂದ ಎತ್ತಿಕೊಂಡಳು. ಅದೀಗ ಅವಳ ಗಣಿತದ ಪುಸ್ತಕದ ಜೊತೆ ಇದೆ. ನೀನು ಮುಂದಿನ ಎಳ್ಳಮಾಸಿಗೆ ಬರಲೇಬೇಕು. ಆ ಸಾಹೇಬರನ್ನೂ ಕರೆಯುತ್ತೇವೆ, ಈ ಸಲ ಊಟದ ಹೆಸರು ಹೇಳಿ ಬಡಿಸುತ್ತೇವೆ ಎಂದು ಅಪ್ಪ ಈಗಲೇ ಶುರು ಮಾಡಿದ್ದಾರೆ.

ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ಕೂತು ಆ ಪುಸ್ತಕ ತಿರುವಿಹಾಕುತ್ತಿದ್ದ ಮಂಗಲಾ ಕೇಳಿದಳು: "ಅಕ್ಕಾ, ಪ್ರಶ್ನೆ ಬರೀಬೇಕಂದ್ರ ಎಷ್ಟು ವಯಸ್ಸಾಗಿರಬೇಕು?"

ನನಗೆ ತಿಳಿದಷ್ಟು ಹೇಳಿದೆ. ಪರಿಷತ್ತಿನ ಸದಸ್ಯಳಾಗಿ ಎದ್ದು ನಿಂತು ಕೇಳಲು ಮೂವತ್ತು ತುಂಬಿರಬೇಕು. ಬರೆದುಕೊಡಲು ಎಷ್ಟು ಎಂದು ಎಲ್ಲೂ ಇಲ್ಲ.

ಅವಳು ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. ಉಳಿದದ್ದನ್ನು ಪೆನ್ಸಿಲ್ಲಿನಲ್ಲಿ ಬರೆದು ಮುಗಿಸುತ್ತಿದ್ದೇನೆ.

ನಿನ್ನ
ಪ್ರೇಮಲಾ